ಅಳ್ಳಿ ಊಟ

ಹುಣಸೂರಿನಿಂದ ಎಚ್.ಡಿ. ಕೋಟೆಯ ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರಿಗೆ ನನ್ನಿಂದ ಬಿಡುಗಡೆಯಿಲ್ಲ. ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳ ಕಾಗುಣಿತದ ತಪ್ಪು ತೋರಿಸುತ್ತಾ ಹೋಗುತ್ತೇನೆ. ‘ಹಾಲು’ ಇರಬೇಕಾದ ಕಡೆ ‘ಆಲು’ ಕಂಡರಂತೂ ಮೈಯೆಲ್ಲ ಉರಿಯುತ್ತದೆ. ನಮ್ಮ ಸೀಮೆಯ ಬಾಯಿಗೆ ಹಕಾರ ಒಗ್ಗದು, ನಿಜ. ನಾನೂ ಮನೆಯಲ್ಲಿ ಅದನ್ನು ನುಂಗಿಯೇ ಮಾತಾಡುವವನು. ಆದರೆ ಬರೆಯುವಾಗ ಬಿಡಬಾರದೆಂಬ ಹಟ. ಬೋರ್ಡು ಬರೆಯುವುದೇ ಕಸುಬಾಗಿದ್ದವನಿಗೆ ಅಷ್ಟಾದರೂ ಗರ್ವ ಬೇಡವೇ?

ಕಸುಬಾಗಿತ್ತು, ಅಷ್ಟೇ. ಫ್ಲೆಕ್ಸ್ ಬಂದ ಮೇಲೆ ಬ್ರಶ್ಶುಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಅದೇ ದಾರಿಯಲ್ಲಿರುವ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತೆ. ಹುಟ್ಟುಹಬ್ಬಕ್ಕೂ ತಿಥಿಗೂ ಮೌಸು ಒತ್ತುವುದೇ. ಹೊಟ್ಟೆಗೆ ಕೊರತೆಯಿಲ್ಲ. ಆದರೆ ಅಕ್ಷರ ಬರೆಯುತ್ತಾ ಬರೆಯುತ್ತಾ ನಾನು ಇದ್ದೇನೆನ್ನುವುದೇ ಮರೆತುಹೋಗುತ್ತಿದ್ದ ಹಳೆಯ ಸುಖ ಆಮೇಲೆ ಸಿಗಲಿಲ್ಲ. ಕಂಪ್ಯೂಟರಿನ ಮುಂದೆ ಸೊಂಟದ ನೋವು ಕೂಡ ಮರೆಯುವುದಿಲ್ಲ.

ಹೋದ ವರ್ಷ, ಬಸ್ಸು ನಿಲ್ಲುವ ಕಡೆ ಊಟದ ಹೋಟೆಲು ಇಟ್ಟಿರುವ ಹೆಂಗಸು ಅಂಗಡಿಗೆ ಬಂದರು.

“ಅಣ್ಣ, ಫ್ಲೆಕ್ಸು ಗಾಳಿಗೆ ಎಲ್ಡು ಸಲ ಅರ್ದೋಯ್ತು. ‘ಹಳ್ಳಿ ಊಟ’ ಅಂತ ಗ್ವಾಡೆ ಮ್ಯಾಲೆ ಪೇಂಟ್ನಲ್ಲೇ ಬರ್ಕೊಡಿ” ಎಂದರು. ‘ಹಳ್ಳಿ’ ಎನ್ನಲು ಪಾಪ ಸ್ವಲ್ಪ ಕಷ್ಟಪಟ್ಟರು.

“ರೂಢಿ ತಪ್ಪೋಗ್ಬುಟ್ಟದೆ ಕಣಕ್ಕ.”

“ಬತ್ತದೆ ಬುಡಿ” ಎಂದು ಹೊರಟೇಹೋದರು.

ಅಟ್ಟದಿಂದ ಬ್ರಶ್ಶು ಇಳಿಸುವಾಗಲೇ ತೀರ್ಮಾನ ಮಾಡಿದೆ: ಕೈ ಬರದಿದ್ದರೆ ಇವನ್ನು ಯಾರಿಗಾದರೂ ಕೊಟ್ಟುಬಿಡುವುದು, ಮತ್ತೆ ಆಸೆಪಡುವುದು ಬೇಡ. ನಿಜ ಹೇಳಬೇಕೆಂದರೆ ಭಯವಾಗಿತ್ತು.

ಬಿಳಿ ಬಳಿದ ಗೋಡೆಗೆ ಗೆರೆ ಹಾಕಿ, ಸೀಮೆಸುಣ್ಣದಲ್ಲಿ ಅಕ್ಷರ ಗುರುತು ಮಾಡಿದೆ. ನೋಡಿದರೆ ಕಂಪ್ಯೂಟರಿನ ಅಕ್ಷರಗಳೇ ಬಂದು ನಿಂತಿವೆ. ಸಿಟ್ಟಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ, ನೇರ ಬ್ರಶ್ಶಿನಲ್ಲೇ ಶುರು ಮಾಡಿದೆ. ದೊಡ್ಡ ಸಾಲಿಗೆ ಧೈರ್ಯ ಸಾಲದೆ ಕೆಳಗಿನ ‘ಮುದ್ದೆ, ಉಪ್ಸಾರು’ ಮೊದಲು ಹಿಡಿದೆ. ‘ಮು’ ನಡುಗಿತು. ‘ದ್ದೆ’ಯ ಒತ್ತು ಬಾಗಿಸುವಾಗ ಉಸಿರು ತಾನಾಗಿ ನಿಧಾನವಾಯಿತು. ‘ಸಾರು’ ಮುಗಿಯುವಷ್ಟರಲ್ಲಿ ಮುಂದಿನ ಅಕ್ಷರ ಹೇಗೆಂದು ಯೋಚಿಸುವುದನ್ನೇ ಬಿಟ್ಟಿದ್ದೆ. ಏಣಿ ಹತ್ತಿ ಮೇಲಿನ ಸಾಲಿಗೆ ಹೋದೆ. ಒಳಗಿನಿಂದ ಆಕೆ ಬಸ್ಸಿಳಿದವರನ್ನು ಕರೆಯುತ್ತಿದ್ದರು: “ಬನ್ನಿ, ಅಳ್ಳಿ ಊಟ, ಅಳ್ಳಿ ಊಟ.” ಅದು ಕಿವಿಗೆ ಬಿದ್ದದ್ದು ನೆನಪಿದೆ, ಆಮೇಲಿನದು ಇಲ್ಲ.

ಏಣಿ ಇಳಿದಾಗ ನನಗೆಂದು ಇಟ್ಟಿದ್ದ ಟೀ ಆರಿ ಕೆನೆಗಟ್ಟಿತ್ತು. ಎನ್. ಬೇಗೂರಿನ ಬಸ್ಸು ನನ್ನ ಬೆನ್ನ ಹಿಂದೆಯೇ ಬಂದು, ಹಾರ್ನ್ ಹೊಡೆದು ಹೋಗಿತ್ತಂತೆ. ನನಗೆ ಕೇಳಿರಲಿಲ್ಲ. ಹಳೆಯ ಸುಖ ಮರಳಿ ಬಂದಿತ್ತೆಂದು ಆಗ ತಿಳಿಯಿತು, ಕಣ್ಣು ತುಂಬಿತು. ಕಣ್ಣೊರೆಸಿಕೊಂಡು ಗೋಡೆ ನೋಡಿದೆ. ನಾನು ಇದುವರೆಗೆ ಬರೆದ ಅಕ್ಷರಗಳಲ್ಲೆಲ್ಲ ಚೆಂದದ ಅಕ್ಷರಗಳಲ್ಲಿ, ಕೆಂಪಗೆ, ‘ಅಳ್ಳಿ ಊಟ’ ಎಂದಿತ್ತು.

ಮುಖ ಎಲ್ಲಿಡುವುದೆಂದು ತಿಳಿಯದೆ ಬಿಳಿ ಬಣ್ಣದ ಡಬ್ಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಆಕೆ ಹೊರಗೆ ಬಂದರು.

“ಯಾಕಣ್ಣ, ಅಷ್ಟು ಚೆಂದಾಗದೆ, ಅಳಿಸ್ತೀರಾ?”

“ತಪ್ಪಾಗೋಯ್ತು ಕಣಕ್ಕ. ‘ಹ’ ಬರೀಬೇಕಿತ್ತು.”

ಆಕೆ ಒಂದೊಂದೇ ಅಕ್ಷರ ಕೂಡಿಸಿ ಓದಿ ನಕ್ಕರು. “ಇರ್ಲಿ ಬುಡಿ. ನಾನೇ ನಿಂತ್ಕಂಡು ಕೂಗ್ದಂಗದೆ.”

ಡಬ್ಬಿಯ ಮುಚ್ಚಳ ಹಾಕಿದೆ. ಬ್ರಶ್ಶುಗಳನ್ನು ಥಿನ್ನರಿನಲ್ಲಿ ತೊಳೆದು, ಅಟ್ಟಕ್ಕೆ ಹಾಕದೆ ಅಂಗಡಿಯ ಮೇಜಿನ ಮೇಲೆ ಮೌಸಿನ ಪಕ್ಕದಲ್ಲೇ ಇಟ್ಟೆ. ಈಗ ಗೋಡೆ ಬರೆಸಲು ಒಬ್ಬಿಬ್ಬರು ಬರುತ್ತಿದ್ದಾರೆ.

ಬಸ್ಸಿನಲ್ಲಿ ಇಂದಿಗೂ ಎಲ್ಲರ ತಪ್ಪು ಹಿಡಿಯುತ್ತೇನೆ. ಹ್ಯಾಂಡ್‌ಪೋಸ್ಟ್ ಹತ್ತಿರವಾದಾಗ ಮಾತ್ರ ಬಾಯಿ ಮುಚ್ಚಿಕೊಂಡು, ಆ ಗೋಡೆ ಕಾಣುವ ಕಡೆ ಬಗ್ಗುತ್ತೇನೆ.