ಬಲಗಡೆ ಕೂತವರ ಬೆಸುಗೆ

ವೆಸ್ಟ್ ಮಾಂಬಲಂನ ಒಂದು ಮಹಡಿಯ ಮೇಲಿನ ಶೀಟಿನ ಕೋಣೆಯಲ್ಲಿ ಭಾನುವಾರ ಬೆಳಗ್ಗೆ ನಾವು ಎಂಟು ಹತ್ತು ಜನ ಸೇರಿ ಎಲೆಕ್ಟ್ರಾನಿಕ್ಸ್ ಕಲಿಯುತ್ತಿದ್ದೆವು. ಕಲಿಯುತ್ತಿದ್ದೆವು ಎಂಬುದು ನಮ್ಮ ಅಭಿಪ್ರಾಯ. ಬೆರಳು ಸುಟ್ಟುಕೊಳ್ಳುತ್ತಿದ್ದೆವು ಎಂಬುದು ಮನೆಯವರದು. ಈ ಘನ ಸಂಸ್ಥೆಗೆ ಇದ್ದದ್ದು ಒಂದೇ ಕಾನೂನು: ಬಿಟ್ಟುಹೋದ ಬೆಸುಗೆಯನ್ನು ಹಾಕಿದವನೇ ಮತ್ತೆ ಹಾಕುವಂತಿಲ್ಲ, ಅವನ ಬಲಕ್ಕೆ ಕೂತವರು ಹಾಕಬೇಕು. ತಪ್ಪು ಮಾಡಿದವನು ಅದೇ ತಪ್ಪನ್ನು ಇನ್ನಷ್ಟು ಶ್ರದ್ಧೆಯಿಂದ ಮಾಡುತ್ತಾನೆ ಎಂಬುದು ನಮಗೆ ಕಲಿಸುತ್ತಿದ್ದ ನಿವೃತ್ತ ರೇಡಿಯೋ ಮೆಕ್ಯಾನಿಕ್ಕರ ಸಿದ್ಧಾಂತ. ನನ್ನನ್ನು ನೋಡಿಯೇ ಅದನ್ನು ಕಂಡುಹಿಡಿದಿರಬೇಕು.

ಆ ವರ್ಷ ನನ್ನ ಹೆಂಡತಿಗೆ ಕಿವಿ ಮಂದವಾಗತೊಡಗಿತ್ತು. ಎದುರು ಕೂತು ಮಾತಾಡಿದರೆ ಕೇಳುತ್ತಿತ್ತು. ಒಳಗಿದ್ದರೆ ಬಾಗಿಲ ಬೆಲ್ ಕೇಳುತ್ತಿರಲಿಲ್ಲ. ಬೆಲ್ ಒತ್ತಿದರೆ ಅಡುಗೆಮನೆಯ ಕಿಟಕಿಯಲ್ಲಿ ಕೆಂಪು ದೀಪ ಹತ್ತುವಂತೆ ನಾನೊಂದು ಪೆಟ್ಟಿಗೆ ಮಾಡಿ, ಕುಂಕುಮವಿಟ್ಟು ಪ್ರತಿಷ್ಠಾಪಿಸಿದೆ. ಮೂರು ದಿನ ಹತ್ತಿತು. ನಾಲ್ಕನೆಯ ದಿನ ಮಗಳು ಕಾಲೇಜಿನಿಂದ ಬಂದು ಮುಕ್ಕಾಲು ಗಂಟೆ ಮೆಟ್ಟಿಲ ಮೇಲೆ ಕೂತಿದ್ದಳು.

"ಪರವಾಯಿಲ್ಲೆಮ್ಮಾ, ವಿಡು," ಎಂದು ಮಗಳು ತಮಿಳಿನಲ್ಲೇ ಸಮಾಧಾನ ಹೇಳಿದಳು. ಅವಳಮ್ಮ ಬಿಡಲಿಲ್ಲ. ಅಂದಿನಿಂದ ಅಡುಗೆಮನೆಯಾಚೆಯ ಬಾಲ್ಕನಿಯ ಗಿಡಗಳನ್ನು ಮರೆತು, ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿ ಕೂರತೊಡಗಿದಳು. ತರಕಾರಿ ಹೆಚ್ಚುವುದೂ ಅಲ್ಲೇ. ಆ ಕುರ್ಚಿ ನೋಡಿದಾಗಲೆಲ್ಲ ನನಗೆ ಸಂಕಟ. ಭಾನುವಾರ ಪೆಟ್ಟಿಗೆಯ ಜೊತೆ ಅವಳನ್ನೂ ಆ ಕುರ್ಚಿಯಿಂದ ಎಬ್ಬಿಸಿ ಕ್ಲಾಸಿಗೆ ಕರೆದುಕೊಂಡು ಹೋದೆ.

ಗುರುಗಳು ಭೂತಗನ್ನಡಿ ಹಿಡಿದು, "ಒಟ್ಟಲೆ ಸಾರ್," ಎಂದರು. ಬೆಸುಗೆ ಅಂಟಿಯೇ ಇರಲಿಲ್ಲ. ಆಮೇಲೆ ನನ್ನ ಬಲಕ್ಕೆ ನೋಡಿದರು. ಅಲ್ಲಿ ನನ್ನ ಹೆಂಡತಿ ಕೂತಿದ್ದಳು.

ಅವಳಿಗೆ ಇದು ಬರುವುದಿಲ್ಲವೆಂದು ನಾನು ಅರ್ಜಿ ಸಲ್ಲಿಸಿದೆ.

"ಉಂಗಳುಕ್ಕು ವಂದುದಾ?" ಎಂದರು. ನಿಮಗೆ ಬಂತೇ ಎಂದು. ಅರ್ಜಿ ವಜಾ ಆಯಿತು.

ಸರಿ, ತೋರಿಸಿಕೊಟ್ಟೆ: ಸೋಲ್ಡರಿಂಗ್ ಐರನ್ನಿನ ತುದಿಯಲ್ಲಿ ಸೀಸ ಕರಗಿಸಿಕೊಂಡು, ತಂದು ತಂತಿಯ ಮೇಲೆ ಇಡುವುದು.

"ರೀ, ಎಣ್ಣೆ ಕಾಯೋಕ್ ಮುಂಚೆ ಸಾಸಿವೆ ಹಾಕ್ತಿದೀರಲ್ಲ."

"ಇದು ಒಗ್ಗರಣೆ ಅಲ್ಲ ಕಣೇ."

"ತಣ್ಣಗಿರೋ ತಂತಿಗೆ ಅದು ಯಾಕೆ ಅಂಟುತ್ತೆ? ಸುಮ್ನೆ ಮೇಲೆ ಕೂತಿರುತ್ತೆ, ನಿಮ್ಮ ಹಾಗೆ."

ಅವಳು ಐರನ್ನನ್ನು ತಂತಿಗೇ ಒತ್ತಿ ಹಿಡಿದಳು. ತಂತಿ ಕಾದ ಮೇಲೆ ಸೀಸ ಮುಟ್ಟಿಸಿದಳು. ಅದು ತಾನಾಗಿ ಹರಿದು, ಹೊಳೆದು ನಿಂತಿತು.

"ಮಾಮಿ ಪಾಸ್," ಎಂದರು ಗುರುಗಳು. ನನ್ನ ಫಲಿತಾಂಶ ಪ್ರಕಟವಾಗಲಿಲ್ಲ. ಪೆಟ್ಟಿಗೆಯಲ್ಲಿ ಉಳಿದಿದ್ದ ನನ್ನ ಆರು ಬೆಸುಗೆಗಳನ್ನೂ ಅವಳು ಯಾರನ್ನೂ ಕೇಳದೆಯೇ ಮತ್ತೆ ಹಾಕಿದಳು. ಅಂದೇ ಪೆಟ್ಟಿಗೆ ಅಡುಗೆಮನೆಯ ಕಿಟಕಿಗೆ ಮರಳಿತು.

ಮರುದಿನ ಸಂಜೆ ಆಫೀಸಿನಿಂದ ಬಂದು ಬೆಲ್ ಒತ್ತಿದೆ. ಅವಳು ಕುರ್ಚಿಯಲ್ಲಿದ್ದಿದ್ದರೆ ಆ ಹೊತ್ತಿಗೆ ಚಿಲಕದ ಸದ್ದಾಗಬೇಕಿತ್ತು. ಆಗಲಿಲ್ಲ. ಮತ್ತೆ ಒತ್ತಿದೆ, ಇನ್ನೊಮ್ಮೆ ಒತ್ತಿದೆ. ಆಗ ಮನೆಯ ಆ ತುದಿಯಿಂದ, "ಬಂದೆ, ಬಂದೆ," ಎಂಬ ಧ್ವನಿ ನಿಧಾನವಾಗಿ ಹತ್ತಿರವಾಯಿತು.

ಬಾಗಿಲು ತೆರೆದಳು. ಎರಡೂ ಕೈ ಮಣ್ಣು. ಕುರ್ಚಿ ಊಟದ ಮೇಜಿನ ಹತ್ತಿರ ಇತ್ತು.

"ಮೂರು ಸಲ ಯಾಕ್ರೀ ಒತ್ತಿದ್ದು? ಒಂದೇ ಸಲಕ್ಕೆ ಕಾಣ್ಸುತ್ತೆ," ಎಂದಳು.