ಸೊಣ್ಣಪ್ಪನ ಮುಖ ತುಂಬಿದ ಕಥೆ

ಗೌನಿಪಲ್ಲಿ ಬಳಿಯ ರೇಷ್ಮೆ ರೈತ ಸೊಣ್ಣಪ್ಪ ತನ್ನ ದೊಡ್ಡ ಕರುಳಿನ ಹುಣ್ಣಿನೊಡನೆ ಆರು ವರ್ಷದಿಂದ ಯುದ್ಧ ಮಾಡುತ್ತಿರುವ ಮಹಾವೀರ. ರಣರಂಗವೆಂದರೆ ನಡುಮನೆಯಿಂದ ಹಿತ್ತಲ ಪಾಯಿಖಾನೆಯವರೆಗಿನ ಹದಿನೆಂಟು ಹೆಜ್ಜೆ. ದಿನಕ್ಕೆ ಹದಿನೈದು ದಂಡಯಾತ್ರೆ. ಪ್ರತಿ ಸಲವೂ ರಕ್ತಪಾತ, ಅದೂ ಒಂದೇ ಪಕ್ಷದ್ದು.

ಕೋಲಾರದ ಡಾಕ್ಟರು ಮೊದಲು ಕೊಟ್ಟ ಮೆಸಲಮೈನ್ ಗುಳಿಗೆ ಐದು ವರ್ಷ ಕೋಟೆ ಕಾಯಿತು, ಆಮೇಲೆ ಕೈಚೆಲ್ಲಿತು. ಆಗ ಬಂದದ್ದು ಸ್ಟೀರಾಯ್ಡ್: ದಿನಕ್ಕೆ ಎಂಟು ಮಾತ್ರೆ, ವಾರಕ್ಕೊಂದರಂತೆ ಇಳಿಸುತ್ತ ಮುಗಿಸಬೇಕು. ಹತ್ತೇ ದಿನದಲ್ಲಿ ರಕ್ತ ನಿಂತಿತು. ಸೊಣ್ಣಪ್ಪ ಮೂರು ಮುದ್ದೆ ಉಂಡು ನಾಲ್ಕನೆಯದರ ಕಡೆ ನೋಡತೊಡಗಿದ. ಕೆನ್ನೆ ತುಂಬಿ ಮುಖ ಗುಂಡಗಾಯಿತು.

"ಏನ್ಲಾ ಸೊಣ್ಣ, ಮದುವೆ ಗಂಡಿನಂಗೆ ಆಗ್ಬಿಟ್ಟೆ!" ಎಂದ ಪಕ್ಕದ ಮನೆ ಅಪ್ಪಾಜಪ್ಪ.

ಇಂಥ ದಿವ್ಯಾಸ್ತ್ರವನ್ನು ಕೆಳಗಿಡುವ ಮೂರ್ಖ ಯಾರು? ನಾಲ್ಕು ಮಾತ್ರೆಗೆ ಬಂದಾಗ ಸೊಣ್ಣಪ್ಪ ಇಳಿಸುವುದನ್ನು ಬಿಟ್ಟ. ಕೋಲಾರಕ್ಕೆ ಹೋಗುವುದನ್ನೂ ಬಿಟ್ಟ. ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ಹತ್ತು ತಿಂಗಳು ಅದನ್ನೇ ತಂದು ನುಂಗಿದ.

ದಿವ್ಯಾಸ್ತ್ರದ ಮೋಸ ಕಂಡುಹಿಡಿದವಳು ಹೆಂಡತಿ ಸುನಂದ, ಅದೂ ಹುಳುವಿನ ಮನೆಯಲ್ಲಿ. ಹಾಲುತೊಂಡೆ ರೋಗ ಬಂದ ಹುಳು ಉಬ್ಬಿ, ಮಿರಮಿರ ಮಿಂಚುತ್ತ, ನಿಂತಲ್ಲಿ ನಿಲ್ಲದೆ ತಟ್ಟೆಯ ಅಂಚಿನಲ್ಲಿ ಸುತ್ತುತ್ತದೆ. ಹೊಸಬರು ಅದನ್ನೇ ಪುಷ್ಟಿ ಎಂದುಕೊಳ್ಳುತ್ತಾರೆ. ಅಂಥವನ್ನು ಹೆಕ್ಕಿ ಸುಣ್ಣದ ನೀರಿಗೆ ಹಾಕುತ್ತಿದ್ದ ಸುನಂದ ತಲೆಯೆತ್ತಿದಳು. ನಿದ್ದೆಗೆಟ್ಟ ಗಂಡ ಗೋಡೆಯಿಂದ ಗೋಡೆಗೆ ಓಡಾಡುತ್ತಿದ್ದ. ಮುಖ ಮಿಂಚುತ್ತಿತ್ತು, ಕಾಲು ಕಡ್ಡಿಯಾಗಿತ್ತು.

"ಇಲ್ಲಿ ಬನ್ನಿ. ಇದು ಮೈ ಬಂದಿರೋದಲ್ಲ, ಉಬ್ಬಿರೋದು."

"ಏನೇ, ನನ್ನೂ ಸುಣ್ಣದ ನೀರಿಗೆ ಹಾಕ್ತೀಯಾ?"

"ಕೋಲಾರದ ಬಸ್ಸಿಗೆ ಹಾಕ್ತೀನಿ. ನಡೀರಿ."

ಕೋಲಾರದಲ್ಲಿ ಪರೀಕ್ಷೆ ಮಾಡಿದರೆ ರಕ್ತದಲ್ಲಿ ಸಕ್ಕರೆ ಏರಿತ್ತು, ಒಂದು ಕಣ್ಣಿನಲ್ಲಿ ಪೊರೆ ಶುರುವಾಗಿತ್ತು. "ಇದನ್ನ ಒಂದೇ ಸಲ ನಿಲ್ಲಿಸೋ ಹಾಗೂ ಇಲ್ಲ, ನಿಧಾನವಾಗಿ ಇಳಿಸೋಣ" ಎಂದರು ಡಾಕ್ಟರು. "ಜೊತೆಗೆ ಅಜಥಯೋಪ್ರಿನ್ ಅನ್ನೋ ಮಾತ್ರೆ ಶುರು ಮಾಡ್ತೀನಿ. ಕೆಲಸ ಮಾಡೋಕೆ ಮೂರು ತಿಂಗಳು ಬೇಕು. ಆಗಾಗ ರಕ್ತ ಪರೀಕ್ಷೆ ಮಾಡಿಸ್ಬೇಕು. ಅದಕ್ಕೂ ಬಗ್ಗದಿದ್ರೆ, ಟಿಬಿ ಇಲ್ಲ ಅಂತ ನೋಡ್ಕೊಂಡು ಇಂಜೆಕ್ಷನ್."

"ಅದಕ್ಕೂ ಬಗ್ಗದಿದ್ರೆ ಸಾರ್?"

"ಮೊದಲು ಇದನ್ನ ನುಂಗಿ ಸೊಣ್ಣಪ್ಪ."

ಆರು ವಾರ ಕಳೆದಿದೆ. ಸ್ಟೀರಾಯ್ಡ್ ಎರಡಕ್ಕೆ ಇಳಿದಿದೆ, ಹೊಸ ಮಾತ್ರೆ ಇನ್ನೂ ಕಣ್ಣು ಬಿಟ್ಟಿಲ್ಲ. ನಿನ್ನೆ ಬೆಳಗ್ಗೆ ಆರು ದಂಡಯಾತ್ರೆ, ಒಂದರಲ್ಲಿ ರಕ್ತ. ಸಾಕಾಗಿಹೋದ ಮಹಾವೀರ ಮೆಡಿಕಲ್ ಸ್ಟೋರಿನ ಕಟ್ಟೆಗೆ ಒರಗಿ ನಿಂತ. ಅಂಗಡಿಯ ವೆಂಕಟ್ ಕೇಳುವ ಮೊದಲೇ ಹಳೇ ಡಬ್ಬಕ್ಕೆ ಕೈಹಾಕಿದ.

"ಅದೇನಾ ಸೊಣ್ಣಪ್ಪಣ್ಣ? ನಾಲ್ಕು ಶೀಟ್ ಕೊಡ್ಲಾ? ಮತ್ತೆ ಗುಂಡಗಾಗ್ತೀಯ."

ಸೊಣ್ಣಪ್ಪನ ಕೈ ಆ ಡಬ್ಬದವರೆಗೂ ಹೋಗಿ ಹಿಂದಕ್ಕೆ ಬಂತು. ಹೊಟ್ಟೆ ಒಮ್ಮೆ ಹಿಂಡಿತು.

"ಬೇಡ ಕಣೋ. ಹೊಸ ಚೀಟೀಲಿ ಇರೋದನ್ನ ಕೊಡು" ಎಂದು ಚೀಟಿ ಚಾಚಿದ. "ನಿಧಾನಕ್ಕೆ ಹುಡುಕು. ಅಷ್ಟರಲ್ಲಿ ನಿನ್ನ ಬಾತ್‌ರೂಮ್ ಬೀಗದ ಕೈ ಇತ್ತ ಕೊಡು, ಬೇಗ!"