ಕೌದಿ ಮಡಚಲು ಇಬ್ಬರು

ಕಡಬದ ಕೊರಿಯರ್ ಅಂಗಡಿಯ ಸಫಿಯಾ ನನ್ನ ಪೆಟ್ಟಿಗೆಗೆ ಅಳತೆಯ ಟೇಪು ಹಿಡಿದು ನಕ್ಕಳು. “ಎಂತ ಅಮ್ಮಾ, ಒಳಗೆ ಆಡು ಉಂಟಾ? ಇಷ್ಟು ದೊಡ್ಡದನ್ನು ಗಾಡಿಯವರು ತಕ್ಕೊಳ್ಳುದಿಲ್ಲ.”

“ಕೌದಿ ಐತವ್ವಾ,” ಎಂದೆ. ನಮ್ಮ ಗದಗ ಕಡೆ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿಯುವ ಹೊದಿಕೆ ಅದು. ಇಲ್ಲಿಗೆ ಬಂದು ನಲವತ್ತು ವರ್ಷವಾದರೂ ಆ ಹೊಲಿಗೆ ಬಿಟ್ಟಿಲ್ಲ. ಈಗ ಫೋನಿನ ಆ್ಯಪಿನಲ್ಲಿ ಮಾರುತ್ತೇನೆ. ಅಂದಿನ ಗಾಡಿಗೆ ಹೋಗದಿದ್ದರೆ ಆರ್ಡರ್ ತಾನಾಗಿಯೇ ರದ್ದಾಗುತ್ತಿತ್ತು. ಎರಡು ತಿಂಗಳು ಹೊಲಿದದ್ದು ಮನೆಯಲ್ಲೇ ಉಳಿಯುತ್ತಿತ್ತು.

ಸಫಿಯಾ ಪೆಟ್ಟಿಗೆ ಬಿಚ್ಚಿದಳು. “ಯಾರು ಮಾರಾಯ್ರೆ ಇದನ್ನು ಹೀಗೆ ಮಡಚಿದ್ದು?”

“ನಾನೇ. ಮನೆಯಲ್ಲಿ ಬೇರೆ ಯಾರಿದ್ದಾರೆ?”

ಕೌದಿ ಒಬ್ಬರೇ ಮಡಚುವ ವಸ್ತುವಲ್ಲ. ಒಬ್ಬರೇ ಮಡಚಿದರೆ ಒಳಗೆ ಗಾಳಿ ಉಳಿದು ಉಬ್ಬುತ್ತದೆ. ನಮ್ಮೂರಲ್ಲಿ ಅದಕ್ಕೆಂದೇ ಪಕ್ಕದ ಮನೆಯವಳನ್ನು ಕೂಗುತ್ತಿದ್ದರು.

ಇದನ್ನು ಹೇಳಿದ್ದೇ ತಡ, ಸಫಿಯಾ ಕೌಂಟರ್ ದಾಟಿ ಬಂದು ಆ ಕಡೆಯ ಎರಡು ಮೂಲೆ ಹಿಡಿದಳು. ಇಬ್ಬರೂ ಎಳೆದೆವು, ಕೊಡವಿದೆವು, ಎದುರೆದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಿದೆವು. ಅವಳ ಬೆರಳುಗಳು ನನ್ನ ಬೆರಳಿಗೆ ತಾಗಿದವು. ಹಾಗೆ ಎದುರಿಗೆ ಯಾರಾದರೂ ನಿಂತು ಎಷ್ಟು ವರ್ಷವಾಗಿತ್ತೋ. ಕೊನೆಯ ಮಡಿಕೆಯ ಮೇಲೆ ಅವಳು ಮೊಣಕಾಲೂರಿ, “ಇನ್ನು ಎಲ್ಲಿಗೆ ಹೋಗ್ತದೆ ನೋಡುವ!” ಎಂದಳು. ಚಿಕ್ಕ ಪೆಟ್ಟಿಗೆಯಲ್ಲಿ ಹಿಡಿಸಿತು, ಗಾಡಿಯೂ ಸಿಕ್ಕಿತು.

ಆಮೇಲೆ ಪ್ರತಿ ಕೌದಿಯನ್ನೂ ಮುದ್ದೆ ಮಾಡಿಕೊಂಡೇ ಅಂಗಡಿಗೆ ಹೋಗುತ್ತೇನೆ. “ಸ್ವಲ್ಪವಾದರೂ ಮಡಚಿ ತರ್ಲಿಕ್ಕೆ ಎಂತ ಅಮ್ಮಾ?” ಎಂದು ಸಫಿಯಾ ಗೊಣಗುತ್ತಾಳೆ. ಕೈ ನೋವು ಎನ್ನುತ್ತೇನೆ. ಆ ಕೈಯಲ್ಲಿ ಎರಡೆರಡು ತಿಂಗಳು ಹೊಲಿಯುವುದು ಹೇಗೆ ಎಂದು ಅವಳು ಇನ್ನೂ ಕೇಳಿಲ್ಲ.